ಹೊರಗಿನವರ ಮಾತು, ಒಳಗಿನವರ ಬಾಯಿ: ಕ್ರೈಸ್ತ ಆರಾಧನೆಯ ಎರಡು ಪ್ರಾರ್ಥನೆಗಳ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಕ್ಯಾಥೊಲಿಕ್ ದೇವಾಲಯದ ಬಲಿಪೂಜೆಯಲ್ಲಿ ಪರಮಪ್ರಸಾದ ಹಂಚುವುದಕ್ಕೆ ತುಸು ಮುನ್ನ ಗುರುಗಳು ಅಪ್ಪವನ್ನು ಎತ್ತಿ ತೋರಿಸುತ್ತಾರೆ. ಆಗ ನೆರೆದವರೆಲ್ಲ ಒಂದೇ ದನಿಯಲ್ಲಿ ಒಂದು ಚಿಕ್ಕ ಪ್ರಾರ್ಥನೆ ಹೇಳುತ್ತಾರೆ. ಸ್ವಾಮಿಯನ್ನು ಬರಮಾಡಿಕೊಳ್ಳುವಷ್ಟು ಯೋಗ್ಯತೆ ತಮಗಿಲ್ಲ, ಆದರೂ ಆತ ಒಂದು ಮಾತಾಡಿದರೆ ಸಾಕು, ಗುಣವಾಗುತ್ತದೆ ಎಂಬುದು ಅದರ ತಾತ್ಪರ್ಯ. ಆಂಗ್ಲಿಕನ್ ಸಂಪ್ರದಾಯದಿಂದ ಬಂದ ಸಭೆಗಳಲ್ಲಿ ಕರ್ತನ ಭೋಜನದ ವೇಳೆ ಇನ್ನೊಂದು ಪ್ರಾರ್ಥನೆ ರೂಢಿಯಲ್ಲಿದೆ. ಮೇಜಿನ ಕೆಳಗೆ ಬಿದ್ದ ರೊಟ್ಟಿಯ ಚೂರನ್ನು ಆಯ್ದುಕೊಳ್ಳಲೂ ತಾವು ಯೋಗ್ಯರಲ್ಲವೆಂದು ಅಲ್ಲಿನವರು ಒಪ್ಪಿಕೊಳ್ಳುತ್ತಾರೆ. ಹೇಳಿ ಹೇಳಿ ಬಾಯಿಗೆ ಹತ್ತಿಹೋದ ಮಾತುಗಳಿವು. ಮೊದಲು ಇವನ್ನು ಆಡಿದವರು ಯಾರು ಎಂದು ಕೇಳುವವರು ಕಡಮೆ.

ಮೊದಲನೆಯದು ಒಬ್ಬ ಸೈನ್ಯಾಧಿಕಾರಿಯ ಮಾತು. ಎರಡನೆಯದರ ಬೇರು ಇರುವುದು ಒಬ್ಬ ತಾಯಿಯ ಮಾತಿನಲ್ಲಿ. ಇಬ್ಬರೂ ಯೆಹೂದ್ಯರಲ್ಲ, ಯೇಸುವಿನ ಜನರ ಕಣ್ಣಿಗೆ ಹೊರಗಿನವರು. ಇಬ್ಬರೂ ಬಂದದ್ದು ತಮಗಾಗಿ ಅಲ್ಲ, ಮನೆಯಲ್ಲಿ ಮಲಗಿದ್ದ ಇನ್ನೊಂದು ಜೀವಕ್ಕಾಗಿ. ಅಂದರೆ ಕ್ರೈಸ್ತ ಆರಾಧನೆಯ ಅತ್ಯಂತ ಒಳಗಿನ ಗಳಿಗೆಯಲ್ಲಿ, ದೀಕ್ಷಾಸ್ನಾನ ಪಡೆದವರಿಗಷ್ಟೇ ತೆರೆದಿದ್ದ ಪಂಕ್ತಿಯ ಅಂಚಿನಲ್ಲಿ, ಒಳಗಿನವರು ತಮ್ಮ ಬಾಯಿಂದ ಆಡುವುದು ಹೊರಗಿನವರ ಮಾತು. ಗುಣಪಡಿಸುವಿಕೆಯ ಎರಡು ಕಥೆಗಳಿಂದ ಎದ್ದ ಈ ಮಾತುಗಳು ಆರಾಧನಾ ವಿಧಿಯೊಳಕ್ಕೆ ಬಂದಾಗ ಉಳಿದುಕೊಂಡದ್ದೇನು, ಬಿದ್ದುಹೋದದ್ದೇನು? ಈ ಟಿಪ್ಪಣಿ ಕೇಳಿಕೊಳ್ಳುವುದು ಇಷ್ಟನ್ನೇ.

2. ‘ಹೊರಗಿನವ’ ಎಂಬ ಪದ

1871ರಲ್ಲಿ ಫ್ರೆಂಚ್ ವಿದ್ವಾಂಸ ಶಾರ್ಲ್ ಕ್ಲೆರ್ಮೊಂ-ಗಾನೊ ಜೆರುಸಲೇಮಿನಲ್ಲಿ ಒಂದು ಕಲ್ಲುಫಲಕವನ್ನು ಪತ್ತೆಹಚ್ಚಿದ. ಹೆರೋದನ ಕಾಲದ ದೇವಾಲಯದ ಅಂಗಳದಲ್ಲಿದ್ದ ತಗ್ಗುಗೋಡೆಯ ಎಚ್ಚರಿಕೆಯ ಶಾಸನವದು. ಈಗ ಇಸ್ತಾಂಬುಲಿನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಪರಕುಲದವನು ಈ ಗೋಡೆ ದಾಟಿ ಒಳಗೆ ಹೆಜ್ಜೆಯಿಡಬಾರದು, ಇಟ್ಟು ಸಿಕ್ಕಿಬಿದ್ದರೆ ತನ್ನ ಸಾವಿಗೆ ತಾನೇ ಹೊಣೆ ಎಂಬುದು ಅದರ ಗ್ರೀಕ್ ಬರಹದ ಸಾರ. ‘ಪರಕುಲದವನು’ ಎಂಬುದಕ್ಕೆ ಶಾಸನದಲ್ಲಿರುವ ಪದ ‘ಅಲ್ಲೊಗೆನೆಸ್’.

ಇದೇ ಪದ ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಕಡೆ ಬರುತ್ತದೆ: ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ, ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗದಲ್ಲಿ. ಗುಣವಾದ ಹತ್ತು ಜನರಲ್ಲಿ ಹಿಂದಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬ ಸಮಾರ್ಯದವನು. ಯೇಸು ಅವನನ್ನು ಕರೆಯುವುದು ಈ ಪದದಿಂದಲೇ. ದೇವಾಲಯದ ಗೋಡೆ ಯಾವ ಪದ ಹಿಡಿದು ಹೊರಗಿಟ್ಟಿತೋ ಅದೇ ಪದದಿಂದ ಕರೆಸಿಕೊಂಡವನು ಆ ಕಥೆಯಲ್ಲಿ ದೇವರಿಗೆ ಸರಿಯಾಗಿ ಸ್ತುತಿ ಸಲ್ಲಿಸಿದ ಏಕೈಕ ವ್ಯಕ್ತಿ. ರೋಗ ವಾಸಿಯಾಗುವುದು, ಹೊರಗಿನವನು ಒಳಗಾಗುವುದು, ಆರಾಧನೆ ಸಲ್ಲುವುದು ಈ ಮೂರೂ ಸುವಾರ್ತೆಗಳಲ್ಲಿ ಒಂದೇ ಎಳೆಯಲ್ಲಿ ಹೆಣೆದುಕೊಂಡಿವೆ ಎನ್ನಲು ಇದೊಂದೇ ನಿದರ್ಶನ ಸಾಕು. ನಮ್ಮ ಎರಡು ಪ್ರಾರ್ಥನೆಗಳ ಮೂಲಕಥೆಗಳನ್ನೂ ಈ ಹಿನ್ನೆಲೆಯಲ್ಲಿಟ್ಟು ಓದಬೇಕು.

3. ಕಪೆರ್ನೌಮಿನ ಶತಾಧಿಪತಿ

ಶತಾಧಿಪತಿಯ ಕಥೆ ಮತ್ತಾಯ 8ರಲ್ಲೂ ಲೂಕ 7ರಲ್ಲೂ ಇದೆ. ಎರಡು ಪಾಠಗಳ ನಡುವಿನ ವ್ಯತ್ಯಾಸ ನಮ್ಮ ಪ್ರಶ್ನೆಗೆ ಮುಖ್ಯ. ಮತ್ತಾಯನಲ್ಲಿ ಅಧಿಕಾರಿ ತಾನೇ ಬಂದು ಬೇಡುತ್ತಾನೆ. ಕಾಯಿಲೆ ಬಿದ್ದವನು ಅವನ ‘ಪೈಸ್’. ಗ್ರೀಕಿನಲ್ಲಿ ಈ ಪದಕ್ಕೆ ಆಳು, ಹುಡುಗ ಎಂಬ ಎರಡೂ ಅರ್ಥಗಳಿವೆ. ಲೂಕನಲ್ಲಿ ಅಧಿಕಾರಿ ಯೇಸುವಿನ ಎದುರಿಗೆ ಬರುವುದೇ ಇಲ್ಲ. ಮೊದಲು ಯೆಹೂದ್ಯ ಹಿರಿಯರನ್ನು, ಆಮೇಲೆ ಗೆಳೆಯರನ್ನು ಕಳಿಸುತ್ತಾನೆ. ಕಾಯಿಲೆಯವನು ಅಲ್ಲಿ ‘ದೂಲೊಸ್’, ಅಂದರೆ ಜೀತದಾಳು.

ಲೂಕನ ಪಾಠದಲ್ಲಿ ‘ಯೋಗ್ಯತೆ’ಯ ಸುತ್ತ ಒಂದು ಸೂಕ್ಷ್ಮ ಆಟವಿದೆ. ಹಿರಿಯರು ಬಂದು ಈತ ಯೋಗ್ಯ, ‘ಆಕ್ಸಿಯೊಸ್’, ಎಂದು ಶಿಫಾರಸು ಮಾಡುತ್ತಾರೆ. ಅವರು ಕೊಡುವ ಕಾರಣ ಎರಡು: ಈತನಿಗೆ ನಮ್ಮ ಜನರ ಮೇಲೆ ಪ್ರೀತಿಯಿದೆ, ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟಿದ್ದಾನೆ. ದಾನಿಗೆ ಸಲ್ಲಬೇಕಾದ ಮನ್ನಣೆಯ ಭಾಷೆ ಅದು. ಅಧಿಕಾರಿ ಗೆಳೆಯರ ಮೂಲಕ ಹೇಳಿಕಳಿಸುವುದು ಇದಕ್ಕೆ ನೇರ ವಿರುದ್ಧವಾದದ್ದನ್ನು: ನೀವು ನನ್ನ ಸೂರಿನಡಿ ಬರುವಷ್ಟು ಯೋಗ್ಯತೆ ನನಗಿಲ್ಲ. ಊರವರು ಹೊರಿಸಿದ ಯೋಗ್ಯತೆಯನ್ನು ಆತ ತಾನಾಗಿ ಇಳಿಸಿಡುತ್ತಾನೆ. ಆತನಿಗೆ ಇಳಿಸಿಡಲು ಏನೋ ಒಂದು ಇತ್ತು ಎಂಬುದನ್ನು ಇಲ್ಲಿ ಗುರುತುಹಾಕಿಕೊಳ್ಳಬೇಕು.

ಸೂರಿನ ಮಾತು ಬರಿಯ ಸೌಜನ್ಯವಲ್ಲ. ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯದಲ್ಲಿ ಪೇತ್ರನು ಕೊರ್ನೇಲ್ಯನೆಂಬ ಇನ್ನೊಬ್ಬ ಶತಾಧಿಪತಿಯ ಮನೆಗೆ ಹೋದಾಗ, ಯೆಹೂದ್ಯನಾದವನು ಅನ್ಯಜನರ ಮನೆಗೆ ಹೋಗಿ ಬೆರೆಯುವುದು ಸಲ್ಲದೆಂಬ ಕಟ್ಟಳೆಯನ್ನು ಬಾಯಿಬಿಟ್ಟೇ ಹೇಳುತ್ತಾನೆ. ಕಪೆರ್ನೌಮಿನ ಅಧಿಕಾರಿ ಎದುರಿಗಿರುವವನ ಕಟ್ಟಳೆಯನ್ನು ತಾನೇ ಮುಂಚಿತವಾಗಿ ಕಾಯುತ್ತಾನೆ: ಬರುವುದು ಬೇಡ, ಇದ್ದಲ್ಲಿಂದಲೇ ಮಾತು ಕೊಡಿ. ಆತ ಕೊಡುವ ಹೋಲಿಕೆಯೂ ಸಿಪಾಯಿಯದೇ. ಅಪ್ಪಣೆ ಎಷ್ಟು ದೂರ ಹೋಗಿ ಕೆಲಸ ಮಾಡಿಬರುತ್ತದೆಂದು ಅವನಿಗೆ ಕಸುಬಿನಿಂದ ಗೊತ್ತು.

ಮತ್ತಾಯನ ಜೋಡಣೆಯೂ ಗಮನಾರ್ಹ. ಮಲೆಯ ಮೇಲಿನ ಪ್ರಸಂಗ ಮುಗಿಸಿ ಯೇಸು ಕೆಳಗಿಳಿದ ಮೇಲೆ ಬರುವ ಮೊದಲ ಮೂರು ಗುಣಪಡಿಸುವಿಕೆಗಳು ಕುಷ್ಠರೋಗಿಯದು, ಪರದೇಶಿ ಅಧಿಕಾರಿಯ ಆಳಿನದು, ಪೇತ್ರನ ಅತ್ತೆಯದು. ಶತಾಧಿಪತಿಯ ಕಥೆಯ ನಡುವೆಯೇ ಯೇಸು ಮೂಡಣ ಪಡುವಣಗಳಿಂದ ಬಹಳ ಜನ ಬಂದು ಅಬ್ರಹಾಮನೊಂದಿಗೆ ಊಟಕ್ಕೆ ಕೂರುವರೆಂದು ಹೇಳುತ್ತಾನೆ. ಗುಣವಾಗುವ ಕಥೆ ಹೀಗೆ ಪಂಕ್ತಿಯ ಕಥೆಯಾಗಿ ತಿರುಗುತ್ತದೆ. ಪಂಕ್ತಿಭೇದ ಎಂಬ ಪದವನ್ನು ಬದುಕಿನಿಂದಲೇ ಬಲ್ಲ ಕನ್ನಡ ಓದುಗರಿಗೆ ಈ ತಿರುವಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

4. ತೂರ್ ಸೀಮೆಯ ತಾಯಿ

ಎರಡನೆಯ ಕಥೆ ನಡೆಯುವುದು ಈಗಿನ ಲೆಬನಾನಿನ ಕರಾವಳಿಯ ತೂರ್ ಸೀಮೆಯಲ್ಲಿ. ಮಾರ್ಕ 7ರಲ್ಲಿ ಈಕೆ ಗ್ರೀಕಳು, ಕುಲದಿಂದ ಸಿರಿಯದ ಫಿನಿಷಿಯದವಳು. ಮತ್ತಾಯ 15ರಲ್ಲಿ ಕಾನಾನ್ಯಳು. ಮತ್ತಾಯನ ಕಾಲಕ್ಕೆ ‘ಕಾನಾನ್ಯ’ ಎಂಬುದು ಹಳೆಯ ಗ್ರಂಥಗಳಲ್ಲಿ ಉಳಿದಿದ್ದ ಶತ್ರುವಿನ ಹೆಸರು. ಹೆಂಗಸನ್ನು ಹೊರಗಿಡಲು ಇದ್ದಬದ್ದ ಗೋಡೆಗಳನ್ನೆಲ್ಲ ಆ ಒಂದು ಪದ ನೆನಪಿಸುತ್ತದೆ.

ಆಕೆ ಬೇಡುವುದು ಮಗಳಿಗಾಗಿ. ಸಿಗುವ ಉತ್ತರ ಕಟುವಾದದ್ದು: ಮಕ್ಕಳ ರೊಟ್ಟಿಯನ್ನು ತೆಗೆದು ನಾಯಿಮರಿಗಳಿಗೆ ಹಾಕುವುದು ತರವಲ್ಲ. ಈ ಮಾತಿನ ಹಿಂದೆ ಅಂದಿನ ಆರ್ಥಿಕ ವಾಸ್ತವವೂ ಇದೆ ಎಂದು ಜರ್ಮನ್ ವಿದ್ವಾಂಸ ಗೆರ್ಡ್ ಥೈಸೆನ್ ವಾದಿಸಿದ್ದಾರೆ. ತೂರ್ ಸಿರಿವಂತ ಬಂದರು. ಅದರ ಹೊಟ್ಟೆ ತುಂಬುತ್ತಿದ್ದುದು ಗಲಿಲಾಯದ ಹೊಲಗಳಿಂದ. ಆ ಪಟ್ಟಣಗಳು ಅರಸನ ಸೀಮೆಯ ಧಾನ್ಯವನ್ನು ನೆಚ್ಚಿದ್ದವೆಂದು ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವೂ ಹೇಳುತ್ತದೆ. ಬೆಳೆದವನ ಮಕ್ಕಳ ತಟ್ಟೆಯಿಂದ ರೊಟ್ಟಿ ಎತ್ತಿ ಪೇಟೆಯವರಿಗೆ ಕೊಡುವುದೇ ಎಂಬ ಗಲಿಲಾಯದ ರೈತನ ಗೊಣಗು ಆ ಗಾದೆಯಂಥ ಮಾತಿನಲ್ಲಿ ಕೇಳಿಸುತ್ತದೆ. ಥೈಸೆನ್ ಓದನ್ನು ಒಪ್ಪಿದರೆ ಈ ತಾಯಿಯನ್ನು ಎಲ್ಲ ಬಗೆಯಲ್ಲೂ ಬಡವಿ ಎನ್ನಲಾಗದು. ‘ಹೊರಗಿನವ’ ಎಂಬುದು ಒಂದೇ ಅಳತೆಯ ಅಂಗಿಯಲ್ಲ. ಶತಾಧಿಪತಿ ಕುಲದಿಂದ ಹೊರಗಿನವನಾದರೂ ಅಧಿಕಾರದಲ್ಲಿ ಮೇಲಿನವನು. ಈಕೆ ಪೇಟೆಯ ಪರವಾಗಿ ಒಳಗಿನವಳಿರಬಹುದು, ಆದರೆ ಆ ಗಳಿಗೆಯಲ್ಲಿ ಹೆಣ್ಣು, ಪರಕುಲದವಳು, ಕಾಲಿಗೆ ಬಿದ್ದವಳು.

ಆಕೆಯ ಉತ್ತರವೇ ಕಥೆಯ ತಿರುಳು. ಯೇಸು ಬಳಸಿದ ಹೋಲಿಕೆಯನ್ನೇ ಎತ್ತಿಕೊಂಡು, ಮೇಜಿನ ಕೆಳಗಿನ ಮರಿಗಳಿಗೂ ಮಕ್ಕಳ ಕೈಯಿಂದ ಉದುರಿದ ಚೂರು ಸಿಗುತ್ತದಲ್ಲ ಎನ್ನುತ್ತಾಳೆ. ಇದು ಶರಣಾಗತಿಯಷ್ಟೇ ಅಲ್ಲ, ಪಟ್ಟು. ಎದುರಾಳಿಯ ಮಾತಿನಲ್ಲೇ ತನ್ನ ಪಾಲನ್ನು ಕಂಡುಕೊಂಡು ಮುಂದಿಡುವ ವಾದ. ಮಾರ್ಟಿನ್ ಲೂಥರ್ 1525ರ ತನ್ನ ತಪಸ್ಸುಕಾಲದ ಪ್ರಸಂಗಗಳಲ್ಲಿ ಆಕೆ ಕ್ರಿಸ್ತನನ್ನು ಅವನ ಮಾತಿನಲ್ಲೇ ಕಟ್ಟಿಹಾಕಿದಳೆಂದು ಮೆಚ್ಚಿ ಬರೆದ. ಮತ್ತಾಯನಲ್ಲಿ ಯೇಸು ಆಕೆಯ ನಂಬಿಕೆಯನ್ನು ಹೊಗಳಿದರೆ, ಮಾರ್ಕನಲ್ಲಿ ಮಗಳು ಗುಣವಾಗುವುದು ತಾಯಿ ಆಡಿದ ‘ಮಾತಿ’ನ ದೆಸೆಯಿಂದ. ಮಾರ್ಕನ ಪದ ‘ಲೊಗೊಸ್’. ಶತಾಧಿಪತಿ ಯೇಸುವಿನಿಂದ ಬೇಡಿದ್ದೂ ಅದನ್ನೇ, ಒಂದು ಮಾತನ್ನು. ಅವನ ಕಥೆಯಲ್ಲಿ ಗುಣಪಡಿಸುವುದು ಯೇಸುವಿನ ಮಾತು. ಈಕೆಯ ಕಥೆಯಲ್ಲಿ ಯೇಸುವನ್ನೇ ತಿರುಗಿಸುವುದು ಹೆಂಗಸಿನ ಮಾತು.

ಇಲ್ಲೂ ಹಿನ್ನೆಲೆ ಊಟವೇ. ಮಾರ್ಕ ಈ ಕಥೆಯನ್ನು ಎರಡು ಬಹುದೊಡ್ಡ ಊಟಗಳ ನಡುವೆ ಇಟ್ಟಿದ್ದಾನೆ. ಹಿಂದೆ ಐದು ಸಾವಿರ ಜನರ ಊಟ, ಉಳಿದದ್ದು ಹನ್ನೆರಡು ಪುಟ್ಟಿ. ಮುಂದೆ ನಾಲ್ಕು ಸಾವಿರ ಜನರ ಊಟ, ಉಳಿದದ್ದು ಏಳು ಪುಟ್ಟಿ. ಪಕ್ಕದಲ್ಲೇ ಕೈತೊಳೆಯುವುದು, ಮಡಿ ಮೈಲಿಗೆಗಳ ಜಗಳ. ರೊಟ್ಟಿ ಮಿಕ್ಕುತ್ತಿರುವ ಅಧ್ಯಾಯಗಳ ನಡುವೆ ನಿಂತು ಒಬ್ಬ ತಾಯಿ ಚೂರಿಗಾಗಿ ವಾದಿಸುತ್ತಾಳೆ.

ಈ ಎರಡು ಕಥೆಗಳಿಗೆ ಇನ್ನೊಂದು ಸಾಮ್ಯವಿದೆ. ಮೊದಲ ಮೂರು ಸುವಾರ್ತೆಗಳಲ್ಲಿ ಯೇಸು ರೋಗಿಯ ಮುಖವನ್ನೇ ಕಾಣದೆ, ದೂರದಿಂದಲೇ ಗುಣಪಡಿಸುವುದು ಈ ಎರಡು ಪ್ರಸಂಗಗಳಲ್ಲಿ. ಎರಡೂ ಪರಕುಲದವರ ಮನೆಯವು. ಸೂರಿನ ಗೋಡೆ ಇನ್ನೂ ನಿಂತಿದೆ. ಮಾತು ಅದನ್ನು ದಾಟಿಹೋಗುತ್ತದೆ.

5. ಮಾತು ಪ್ರಾರ್ಥನೆಯಾದ ಬಗೆ

ಶತಾಧಿಪತಿಯ ಮಾತನ್ನು ಪ್ರಸಾದಕ್ಕೆ ಹೊಂದಿಸಿ ನೋಡುವ ರೂಢಿ ಬಹಳ ಹಳೆಯದು. ಸುಮಾರು 400ರ ಹೊತ್ತಿಗೆ ಅಗಸ್ಟೀನ್ ಜಾನುವಾರಿಯಸ್ ಎಂಬುವನಿಗೆ ಬರೆದ ಪತ್ರದಲ್ಲಿ ದಿನವೂ ಪ್ರಸಾದ ಸ್ವೀಕರಿಸಬೇಕೇ ಎಂಬ ಚರ್ಚೆ ಎತ್ತಿಕೊಂಡ. ಸಂತೋಷದಿಂದ ಮನೆಗೆ ಬರಮಾಡಿಕೊಂಡ ಜಕ್ಕಾಯನೂ, ನನ್ನ ಸೂರಿನಡಿ ಬರಬೇಡಿ ಎಂದ ಶತಾಧಿಪತಿಯೂ ಒಬ್ಬನನ್ನೇ ಗೌರವಿಸಿದರೆಂಬುದು ಅವನ ತೀರ್ಮಾನ. ಪೂರ್ವದ ಬೈಜಾಂಟಿಯನ್ ಸಂಪ್ರದಾಯದಲ್ಲಿ ಪ್ರಸಾದಕ್ಕೆ ಮುಂಚಿನ ಒಂದು ಪ್ರಾರ್ಥನೆ ಈ ಸೂರನ್ನು ಆತ್ಮವೆಂಬ ಮನೆಯ ಸೂರನ್ನಾಗಿಸಿತು. ಕುಷ್ಠರೋಗಿ ಸಿಮೋನನ ಮನೆಗೆ ಹೋಗಲು ಯೇಸು ಹಿಂಜರಿಯಲಿಲ್ಲವೆಂಬುದನ್ನೂ ಆ ಪ್ರಾರ್ಥನೆ ಜೊತೆಗೇ ನೆನೆಯುತ್ತದೆ.

ಪಶ್ಚಿಮದಲ್ಲಿ ಮಧ್ಯಯುಗದ ಗುರುಗಳು ತಾವು ಪ್ರಸಾದ ಸ್ವೀಕರಿಸುವ ಮುನ್ನ ಈ ಮಾತನ್ನು ಪಿಸುಗುಡುತ್ತಿದ್ದರು. 1570ರಲ್ಲಿ ಐದನೆಯ ಪಯಸ್ ಹೊರಡಿಸಿದ ರೋಮನ್ ಪೂಜಾಗ್ರಂಥ ಅದನ್ನು ನೆಲೆಗೊಳಿಸಿತು: ಎದೆ ಬಡಿದುಕೊಳ್ಳುತ್ತ ಮೂರು ಸಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1970ರ ಪೂಜಾಗ್ರಂಥದಲ್ಲಿ, ಅದು ಗುರುವೂ ಜನರೂ ಕೂಡಿ ಹೇಳುವ ಒಂದೇ ಸಲದ ಮಾತಾಯಿತು.

ಪ್ರಾರ್ಥನೆಯ ಲ್ಯಾಟಿನ್ ಪಾಠವನ್ನು ಲ್ಯಾಟಿನ್ ಬೈಬಲಿನ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಬಹುಪಾಲು ಒಂದೇ. ಎದ್ದುಕಾಣುವ ಬದಲಾವಣೆ ಕೊನೆಯಲ್ಲಿದೆ. ಸುವಾರ್ತೆಯಲ್ಲಿ ಗುಣವಾಗಬೇಕಾದವನು ‘ನನ್ನ ಆಳು’; ಪ್ರಾರ್ಥನೆಯಲ್ಲಿ ಗುಣವಾಗಬೇಕಾದದ್ದು ‘ನನ್ನ ಆತ್ಮ’. ಒಂದು ನಾಮಪದ ಹೋಗಿ ಇನ್ನೊಂದು ಬಂದಿದೆ. ಅದರೊಂದಿಗೆ ಒಬ್ಬ ಮನುಷ್ಯನೇ ಕಥೆಯಿಂದ ಹೊರಗೆ ಹೋಗಿದ್ದಾನೆ.

ಭಾಷಾಂತರದ ಚರಿತ್ರೆ ಇದಕ್ಕೆ ಇನ್ನೊಂದು ಪದರ ಸೇರಿಸುತ್ತದೆ. 1973ರ ಇಂಗ್ಲಿಷ್ ಪಾಠ ಸೂರನ್ನೂ ಆತ್ಮವನ್ನೂ ಕೈಬಿಟ್ಟು, ಸ್ವೀಕರಿಸಲು ನಾನು ಯೋಗ್ಯನಲ್ಲ, ಮಾತಾಡಿದರೆ ನಾನು ಗುಣವಾಗುವೆ ಎಂದಷ್ಟಕ್ಕೆ ಇಳಿಸಿತು. ಲ್ಯಾಟಿನ್ನಿಗೆ ಹತ್ತಿರವಿರಬೇಕೆಂಬ 2001ರ ರೋಮಿನ ನಿರ್ದೇಶನದ ನಂತರ ಸಿದ್ಧವಾದ ಹೊಸ ಪಾಠ 2011ರ ಆಗಮನಕಾಲದಿಂದ ಹಲವು ದೇಶಗಳಲ್ಲಿ ಬಳಕೆಗೆ ಬಂತು. ಅದರಲ್ಲಿ ಸೂರು ಮರಳಿತು, ಆತ್ಮವೂ ಮರಳಿತು. ಹೊಸ ಪಾಠದ ಬಗ್ಗೆ ಎದ್ದ ವಾಗ್ವಾದದಲ್ಲಿ ಸೂರಿನ ಪರವಾಗಿ ವಾದಿಸಿದವರು, ಈ ಮಾತು ಒಬ್ಬ ಪರಕೀಯನದೆಂಬ ನೆನಪನ್ನು ಆ ಒಂದು ಪದವೇ ಉಳಿಸಿಕೊಡುತ್ತದೆ ಎನ್ನಬಹುದಾಗಿತ್ತು. ಆಳು ಮಾತ್ರ ಎರಡೂ ಪಾಠಗಳಲ್ಲಿ ಇಲ್ಲ.

ತಾಯಿಯ ಮಾತಿನ ಪಯಣ ಬೇರೆ. ಇಂಗ್ಲೆಂಡಿನ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ 1548ರಲ್ಲಿ, ಪೂಜೆ ಇನ್ನೂ ಲ್ಯಾಟಿನ್ನಿನಲ್ಲೇ ನಡೆಯುತ್ತಿದ್ದಾಗ, ಜನರಿಗೆ ಪ್ರಸಾದ ಕೊಡುವ ಭಾಗಕ್ಕೆಂದು ಇಂಗ್ಲಿಷ್ ಕ್ರಮವೊಂದನ್ನು ಸೇರಿಸಿದ. ಚೂರಿನ ಪ್ರಾರ್ಥನೆ ಮೊದಲು ಕಾಣಿಸಿಕೊಳ್ಳುವುದು ಅದರಲ್ಲಿ. 1549, 1552, 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕಗಳಲ್ಲಿ ಅದು ಜಾಗ ಬದಲಿಸುತ್ತ ಉಳಿದುಬಂತು. ಇದು ‘ನಾನು’ ಎನ್ನುವ ಪ್ರಾರ್ಥನೆಯಲ್ಲ, ‘ನಾವು’ ಎನ್ನುವುದು. ದೇಹ ಶುದ್ಧವಾಗಲಿ, ಆತ್ಮ ತೊಳೆಯಲ್ಪಡಲಿ ಎಂಬ ಬೇಡಿಕೆಯೂ ಅದರಲ್ಲಿದೆ; ಮಾರ್ಕನ ಮಡಿ ಮೈಲಿಗೆಯ ಅಧ್ಯಾಯದ ನೆರಳು ಅಲ್ಲಿಯವರೆಗೆ ಚಾಚಿದೆ.

ಆದರೆ ಕ್ರಾನ್ಮರನ ಕೈಯಲ್ಲಿ ಮಾತು ತಿರುಗುಮುರುಗಾಗಿದೆ. ಮರಿಗಳಿಗೂ ಚೂರು ಸಲ್ಲುತ್ತದೆ ಎಂದಿದ್ದಳು ತಾಯಿ. ಚೂರಿಗೂ ನಾವು ಯೋಗ್ಯರಲ್ಲ ಎನ್ನುತ್ತದೆ ಪ್ರಾರ್ಥನೆ. ಆಕೆಯದು ಹಕ್ಕಿನ ಕಡೆಗೆ ಬಾಗಿದ ವಾಕ್ಯ. ಇದು ಹಕ್ಕಿಲ್ಲವೆಂದು ಒಪ್ಪಿಕೊಳ್ಳುವ ವಾಕ್ಯ. ಚೂರು, ಮೇಜು, ಕೆಳಗು ಎಲ್ಲವೂ ಆಕೆಯವೇ, ದನಿ ಮಾತ್ರ ಶತಾಧಿಪತಿಯದು. ಪ್ರಾರ್ಥನೆ ಮುಂದೆ ಸಾಗಿ ದೇವರ ಕರುಣೆಯ ಸ್ವಭಾವವನ್ನು ನೆಚ್ಚುತ್ತದೆ. ಆ ನೆಚ್ಚಿಕೆ ಆಕೆಯದೂ ಹೌದು. ಆದರೂ ಆಕೆಯ ವಾದ ಅಲ್ಲಿ ಕೇಳಿಸುವುದಿಲ್ಲ.

6. ರೋಗಿ ಎಲ್ಲಿಗೆ ಹೋದ?

ಎರಡೂ ಪ್ರಾರ್ಥನೆಗಳಲ್ಲಿ ಆದ ಮುಖ್ಯ ನಷ್ಟ ಒಂದೇ: ಮನೆಯಲ್ಲಿ ಮಲಗಿದ್ದ ಮೂರನೆಯ ವ್ಯಕ್ತಿ. ಆಳೂ ಇಲ್ಲ, ಮಗಳೂ ಇಲ್ಲ. ಇನ್ನೊಬ್ಬರಿಗಾಗಿ ಬೇಡಿದ ಮಾತು ತನಗಾಗಿ ಬೇಡುವ ಮಾತಾಯಿತು. ಹಳೆಯ ಕ್ರೈಸ್ತ ಕಥನಕಾರರಿಗೆ ಈ ಮೂರನೆಯವರ ಬಗ್ಗೆ ಅಕ್ಕರೆ ಇತ್ತು. ಕ್ಲೆಮೆಂಟನ ಹೆಸರಿಗೆ ಅಂಟಿಕೊಂಡ ಪುರಾತನ ಪ್ರಸಂಗಗಳಲ್ಲಿ ತಾಯಿಗೆ ಜುಸ್ತಾ ಎಂದೂ ಮಗಳಿಗೆ ಬೆರ್ನೀಕೆ ಎಂದೂ ಹೆಸರಿಡಲಾಗಿದೆ.

ಹಾಗೆಂದು ಆರಾಧನೆ ಒಟ್ಟಾಗಿ ರೋಗಿಯನ್ನು ಮರೆಯಿತೆನ್ನುವುದು ಅವಸರದ ತೀರ್ಪಾದೀತು. ಭಾನುವಾರದ ಆರಾಧನೆಯ ಅತ್ಯಂತ ಹಳೆಯ ವಿವರಣೆಗಳಲ್ಲಿ ಒಂದು ಸುಮಾರು 155ರಲ್ಲಿ ಜಸ್ಟಿನ್ ರೋಮಿನಲ್ಲಿ ಬರೆದ ಸಮರ್ಥನೆಯಲ್ಲಿದೆ. ಈತ ಹುಟ್ಟಿದ್ದು ಸಮಾರ್ಯ ಸೀಮೆಯಲ್ಲಿ, ಈಗಿನ ನಾಬ್ಲುಸಿನಲ್ಲಿ. ಅವನ ವಿವರಣೆಯಂತೆ, ಹಂಚಿಕೆ ಮುಗಿದ ಮೇಲೆ ಬರಲಾಗದವರ ಮನೆಗೆ ಸಭಾಸೇವಕರು ಪ್ರಸಾದ ಒಯ್ಯುತ್ತಾರೆ. ಉಳ್ಳವರು ಕೊಟ್ಟ ಕಾಣಿಕೆಯಿಂದ ಅನಾಥರು, ವಿಧವೆಯರು, ಕಾಯಿಲೆಯಿಂದ ಕಷ್ಟಕ್ಕೆ ಬಿದ್ದವರು, ಸೆರೆಯಲ್ಲಿರುವವರು, ಊರಿಗೆ ಬಂದು ತಂಗಿದ ಪರಸ್ಥಳದವರು ಇವರೆಲ್ಲರ ಪಾಲನೆ ನಡೆಯುತ್ತದೆ. ರೋಗಿಯೂ ಪರಸ್ಥಳದವನೂ ಒಂದೇ ಪಟ್ಟಿಯಲ್ಲಿ, ಒಂದೇ ಆರಾಧನೆಯ ಮುಂದುವರಿಕೆಯಾಗಿ ಬರುತ್ತಾರೆ. ಶತಾಧಿಪತಿಯ ಆಳು ಪ್ರಾರ್ಥನೆಯ ಸಾಲಿನಲ್ಲಿ ಇಲ್ಲದಿದ್ದರೂ ಪ್ರಸಾದ ಹೊತ್ತು ಹೋಗುವವನ ದಾರಿಯಲ್ಲಿ ಇದ್ದಾನೆ.

ಇಪ್ಪತ್ತನೆಯ ಶತಮಾನದ ಸುಧಾರಣೆಗಳು ಈ ದಾರಿಯನ್ನು ಎರಡು ಕಡೆ ಮತ್ತೆ ತೆರೆದವು. 1963ರ ವ್ಯಾಟಿಕನ್ ಆರಾಧನಾ ಸಂವಿಧಾನ ರೋಮನ್ ಪೂಜೆಯಲ್ಲಿ ಬಹುಕಾಲ ಮರೆಯಾಗಿದ್ದ ವಿಶ್ವಾಸಿಗಳ ಪ್ರಾರ್ಥನೆಯನ್ನು ಮರುಸ್ಥಾಪಿಸಿತು. ಸಂಕಟದಲ್ಲಿರುವವರಿಗಾಗಿ ಬೇಡುವುದು ಅದರ ನಿಯತ ಭಾಗ. ಅದೇ ದಸ್ತಾವೇಜು ‘ಅಂತಿಮ ಅಭ್ಯಂಗ’ವನ್ನು ರೋಗಿಗಳ ಅಭ್ಯಂಗವೆಂದು ಕರೆಯುವುದೇ ಸೂಕ್ತ ಎಂದಿತು. 1972ರಲ್ಲಿ ಆರನೆಯ ಪೌಲ್ ಅದರ ವಿಧಿಯನ್ನು ಪರಿಷ್ಕರಿಸಿದ ಮೇಲೆ, ಸಾಯುವವರ ಪಾಲಿನ ಸಂಸ್ಕಾರವೆನಿಸಿದ್ದು ಕಾಯಿಲೆಯವರ ಪಾಲಿನದಾಯಿತು.

7. ವಾಚನಪಟ್ಟಿಯ ಸಾಕ್ಷ್ಯ

ವರ್ಷದ ಯಾವ ದಿನ ಯಾವ ಪಾಠ ಓದಬೇಕೆಂಬ ಪಟ್ಟಿ ಒಂದು ಮೌನ ವ್ಯಾಖ್ಯಾನ. 1969ರ ರೋಮನ್ ಪಟ್ಟಿ ಲೂಕನ ಶತಾಧಿಪತಿಯನ್ನು ವಾಚನಚಕ್ರದ ಮೂರನೆಯ ವರ್ಷದ ಸಾಮಾನ್ಯ ಕಾಲದ ಒಂಬತ್ತನೆಯ ಭಾನುವಾರಕ್ಕೆ ಇಟ್ಟು, ಜೊತೆಗೆ 1 ಅರಸುಗಳು 8ರ ಭಾಗವನ್ನು ಕೊಟ್ಟಿದೆ. ದೂರದ ದೇಶದಿಂದ ಬಂದ ಪರಕೀಯನ ಪ್ರಾರ್ಥನೆಯನ್ನೂ ಲಾಲಿಸು ಎಂದು ದೇವಾಲಯದ ಪ್ರತಿಷ್ಠೆಯಲ್ಲಿ ಸೊಲೊಮೋನ ಬೇಡುವ ಭಾಗವದು. ಕಾನಾನ್ಯ ತಾಯಿಯ ಕಥೆಗೆ ಮೊದಲ ವರ್ಷದ ಇಪ್ಪತ್ತನೆಯ ಭಾನುವಾರ, ಯೆಶಾಯ 56 ಜೊತೆ. ಅಲ್ಲಿ ಪರದೇಶೀಯರು ಪ್ರಾರ್ಥನಾಲಯಕ್ಕೆ ಬರುತ್ತಾರೆ. ಎರಡು ಕಡೆಯೂ ಗುಣಪಡಿಸುವಿಕೆಯ ಕಥೆಗೆ ಪಟ್ಟಿ ಹುಡುಕಿಕೊಟ್ಟ ಜೊತೆ ಪರಕೀಯನಿಗೆ ಆಲಯ ತೆರೆಯುವ ಪಾಠವೇ. ಆರಾಧನೆ ಈ ಕಥೆಗಳನ್ನು ಹೇಗೆ ಅರ್ಥಮಾಡಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆದರೆ ಪಟ್ಟಿಗೂ ಕುರುಡುಚುಕ್ಕೆಗಳಿವೆ. ಒಂಬತ್ತನೆಯ ಭಾನುವಾರ ಹಬ್ಬಗಳ ಅಡಿಯಲ್ಲಿ ಸಿಕ್ಕಿ ಬಹಳ ಸಲ ಬಿಟ್ಟುಹೋಗುತ್ತದೆ. ಮಾರ್ಕನ ತಾಯಿಗೆ ರೋಮನ್ ಪಟ್ಟಿಯಲ್ಲಿ ಭಾನುವಾರವೇ ಇಲ್ಲ, ವಾರದ ದಿನದ ಓದಿನಲ್ಲಿ ಮಾತ್ರ ಬರುತ್ತಾಳೆ. ಭಾನುವಾರದ ಪಾಠ ಆಕೆಯನ್ನು ದಾಟಿ ಮುಂದಿನ ಕಿವುಡನ ಪ್ರಸಂಗದಿಂದ ಶುರುವಾಗುತ್ತದೆ. ಹಲವು ಪ್ರೊಟೆಸ್ಟಂಟ್ ಸಭೆಗಳು ಬಳಸುವ 1992ರ ಪರಿಷ್ಕೃತ ಸಾಮಾನ್ಯ ಪಟ್ಟಿ ಇಬ್ಬರನ್ನೂ ಒಟ್ಟಿಗೆ ಓದಿಸುತ್ತದೆ. ಅದೇ ದಿನ ಸಭೆಗೆ ಬಂದ ಸಿರಿವಂತನಿಗೆ ಪೀಠ, ಬಡವನಿಗೆ ನೆಲ ಕೊಡುವುದನ್ನು ಖಂಡಿಸುವ ಯಾಕೋಬನ ಪತ್ರಿಕೆಯ ಭಾಗವನ್ನೂ ಇಟ್ಟಿದೆ.

8. ದಕ್ಷಿಣ ಭಾರತದಲ್ಲಿ ‘ಯೋಗ್ಯತೆ’

ಈ ಪ್ರಾರ್ಥನೆಗಳು ನಮ್ಮ ಕಡೆ ಬಂದಾಗ ಹೊಸದೊಂದು ಪ್ರಶ್ನೆ ಎದುರಾಗುತ್ತದೆ. ಕನ್ನಡದಲ್ಲಿ ‘ಯೋಗ್ಯತೆ’ ಶುದ್ಧ ಧಾರ್ಮಿಕ ಪದವಲ್ಲ. ನಿನ್ನ ಯೋಗ್ಯತೆಗೆ ಇದು ಬೇರೆ ಕೇಡು ಎಂಬುದು ಬೈಗುಳ. ಯೋಗ್ಯತೆಯನ್ನು ಹುಟ್ಟಿನಿಂದಲೇ ಅಳೆದ ಸಮಾಜದಲ್ಲಿ ‘ನಾನು ಯೋಗ್ಯನಲ್ಲ’ ಎಂಬ ವಾಕ್ಯವನ್ನು ಯಾರು ಹೇಳುತ್ತಿದ್ದಾರೆ ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ. ಚೂರಿನ ವಿಷಯವೂ ಹಾಗೆಯೇ. ಗ್ರೀಕ್ ಮೂಲದ ಪದಕ್ಕೆ ಉದುರಿದ ತುಣುಕು ಎಂಬಷ್ಟೇ ಅರ್ಥ. ಆದರೆ ಇತರರ ಊಟದಿಂದ ಬಿದ್ದದ್ದನ್ನು ಆಯುವುದು ನಮ್ಮ ಕಿವಿಗೆ ‘ಎಂಜಲು’ ಎಂದೇ ಕೇಳಿಸುತ್ತದೆ, ಜೊತೆಗೆ ಅದರ ಹಿಂದಿನ ಶತಮಾನಗಳೂ ಕೇಳಿಸುತ್ತವೆ.

ದಕ್ಷಿಣದ ಸಭೆಗಳಲ್ಲಿ ಪ್ರಸಾದದ ಮುಂದೆಯೂ ಜಾತಿ ಸಾಲು ಹಿಡಿದು ನಿಂತದ್ದುಂಟು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣದ ಸಭೆಗಳಿಗೆ ಪತ್ರ ಬರೆದು ಜಾತಿಭೇದವನ್ನು ಒಡನೆಯೇ ಬಿಡಬೇಕೆಂದು ಅಪ್ಪಣೆ ಮಾಡಿದ. ತಮಿಳುನಾಡಿನ ಹಲವು ಸಭೆಗಳು ಒಪ್ಪಲಿಲ್ಲ. ಹೊರಗಿನವಳ ಮಾತನ್ನೇ ಆಡಿಕೊಂಡು ಪ್ರಸಾದಕ್ಕೆ ಬರುತ್ತಿದ್ದವರಲ್ಲೂ ಪಕ್ಕದವನನ್ನು ಹೊರಗಿಡಲು ಹಿಂಜರಿಯದವರಿದ್ದರು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, 1950ರಲ್ಲಿ ತನ್ನ ಕರ್ತನ ಭೋಜನದ ಕ್ರಮವನ್ನು ರೂಪಿಸಿತು. ಕರ್ನಾಟಕದಲ್ಲೂ ಈ ಸಭೆಗೆ ಮೂರು ಧರ್ಮಪ್ರಾಂತಗಳಿವೆ. ಆ ಕ್ರಮದಲ್ಲಿ ಚೂರಿನ ಪ್ರಾರ್ಥನೆ ಉಳಿಯಿತು. ಅದಕ್ಕಿಂತ ಗಮನಿಸಬೇಕಾದದ್ದು ಸಮಾಧಾನ ಹಂಚುವ ವಿಧಿ. ಕೇರಳದ ಸುರಿಯಾನಿ ಸಂಪ್ರದಾಯದ ಹಾದಿಯಲ್ಲಿ, ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ತಾಗಿಸುತ್ತಾನೆ; ಇಬ್ಬರೂ ಎಡಗೈಯಿಂದ ಎದುರಿನವನ ಬಲಗೈಯನ್ನು ಮುಚ್ಚುತ್ತಾರೆ. ಹೀಗೆ ಒಬ್ಬರಿಂದ ಒಬ್ಬರಿಗೆ ಸಾಲುಸಾಲಾಗಿ ದಾಟುತ್ತದೆ. ಮುಟ್ಟುವುದೇ ಪ್ರಶ್ನೆಯಾಗಿದ್ದ ನಾಡಿನಲ್ಲಿ ಇದು ಅಲಂಕಾರದ ಕ್ರಿಯೆಯಲ್ಲ. ಬಾಯಿ ‘ಯೋಗ್ಯರಲ್ಲ’ ಎನ್ನುವುದಕ್ಕೆ ಮುಂಚೆಯೇ ಕೈ ಪಕ್ಕದವನನ್ನು ಯೋಗ್ಯನೆಂದು ಒಪ್ಪಿಕೊಂಡಿರುತ್ತದೆ.

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸ ದಲಿತ ದೇವಶಾಸ್ತ್ರದ ಆರಂಭಬಿಂದುಗಳಲ್ಲಿ ಒಂದು. ದಲಿತ ಅನುಭವವನ್ನೇ ಕೇಂದ್ರದಲ್ಲಿಟ್ಟು ಯೋಚಿಸಬೇಕೆಂದು ಆ ಚಿಂತನೆ ಕೇಳಿತು. ಆ ಬೆಳಕಿನಲ್ಲಿ ನಮ್ಮ ಎರಡು ಪ್ರಾರ್ಥನೆಗಳನ್ನು ನೋಡಿದರೆ ವ್ಯತ್ಯಾಸ ನಿಚ್ಚಳವಾಗುತ್ತದೆ. ಶತಾಧಿಪತಿಯ ‘ಯೋಗ್ಯನಲ್ಲ’ ಎಂಬ ಮಾತು ಯೋಗ್ಯತೆಯನ್ನು ಊರೇ ಕೊಟ್ಟಿದ್ದವನು ಅದನ್ನು ಇಳಿಸಿಡುವ ಮಾತು. ಮೇಲುಜಾತಿಯಿಂದ ಬಂದವನ ಬಾಯಲ್ಲಿ, ಅಧಿಕಾರದಲ್ಲಿರುವವನ ಬಾಯಲ್ಲಿ ಅದು ಔಷಧ. ಯೋಗ್ಯತೆಯನ್ನು ಎಂದೂ ಕೊಡದವರ ನಡುವೆ ಬೆಳೆದವನ ಬಾಯಲ್ಲಿ ಅದೇ ಮಾತು ಹಳೆಯ ಗಾಯವನ್ನು ಕೆದಕಬಹುದು. ಅಂಥವನಿಗೆ ಬೇಕಾದದ್ದು ತೂರ್ ಸೀಮೆಯ ತಾಯಿಯ ಮೂಲ ವಾಕ್ಯ: ನನಗೂ ಪಾಲಿದೆ.

ಅಮೆರಿಕದ ಎಪಿಸ್ಕೋಪಲ್ ಸಭೆ 1979ರಲ್ಲಿ ಚೂರಿನ ಪ್ರಾರ್ಥನೆಯನ್ನು ಹಳೆಯ ಭಾಷೆಯ ಕ್ರಮದಲ್ಲಿ ಉಳಿಸಿ ಹೊಸ ಕ್ರಮದಿಂದ ಕೈಬಿಟ್ಟಿತು. ಕೈಬಿಡುವುದು ಸುಲಭದ ದಾರಿ. ಆದರೆ ಪ್ರಾರ್ಥನೆಯೊಂದಿಗೆ ಆಕೆಯ ನೆನಪೂ ಹೋಗುತ್ತದೆ.

9. ತೀರ್ಮಾನ

ಎರಡು ಪ್ರಾರ್ಥನೆಗಳೂ ದೊಡ್ಡದೊಂದನ್ನು ಸಾಧಿಸಿವೆ. ಪಂಕ್ತಿಗೆ ಬರುವ ಪ್ರತಿಯೊಬ್ಬನನ್ನೂ, ಎಷ್ಟೇ ಹಳೆಯ ಮನೆತನದ ಕ್ರೈಸ್ತನಾದರೂ, ಒಂದು ಗಳಿಗೆ ಹೊಸ್ತಿಲಾಚೆ ನಿಲ್ಲಿಸಿ ಅಲ್ಲಿಂದ ಮಾತಾಡಿಸುತ್ತವೆ. ಯಾರೂ ಒಳಗಿನವನಾಗಿ ಪ್ರಸಾದ ಪಡೆಯುವಂತಿಲ್ಲ. ಪಡೆಯುವವರೆಲ್ಲ ಬರಮಾಡಿಕೊಳ್ಳಲ್ಪಟ್ಟ ಹೊರಗಿನವರೇ. ಹೊರಗಿನವರನ್ನು ಸ್ವಾಗತಿಸುವ ಕುರಿತ ಯಾವ ಪ್ರಸಂಗವೂ ಇದಕ್ಕಿಂತ ಆಳಕ್ಕೆ ಹೋಗಲಾರದು.

ತೆತ್ತ ಬೆಲೆ ಎರಡು. ಕಥೆಗಳಲ್ಲಿದ್ದ ರೋಗಿಗಳು ಮರೆಯಾದರು, ತಾಯಿಯ ವಾದ ವಿನಯವಾಗಿ ಕರಗಿತು. ಕನ್ನಡದ ಆರಾಧನಾ ಕ್ರಮಗಳನ್ನು ಪರಿಷ್ಕರಿಸುವವರು ಈ ಎರಡನ್ನೂ ಮರಳಿ ತರಬಹುದು, ಅದಕ್ಕೆ ಪ್ರಾರ್ಥನೆಗಳನ್ನು ತಿದ್ದಬೇಕಾಗಿಯೂ ಇಲ್ಲ. ಪ್ರಸಾದಕ್ಕೆ ಮುನ್ನ ಮನೆಯಲ್ಲಿ ಮಲಗಿರುವವರನ್ನು ನೆನೆಯುವ ಒಂದು ಗಳಿಗೆಯ ಮೌನವಿದ್ದರೆ ಆಳಿಗೂ ಮಗಳಿಗೂ ಜಾಗ ಸಿಗುತ್ತದೆ. ಮಾರ್ಕ 7ರ ತಾಯಿಯನ್ನು ಭಾನುವಾರದ ಓದಿಗೆ ತಂದು, ಆಕೆ ಗೆದ್ದದ್ದು ವಾದದಲ್ಲಿ ಎಂದು ಪೀಠದಿಂದ ನೇರವಾಗಿ ಹೇಳಿದರೆ, ಚೂರಿನ ಪ್ರಾರ್ಥನೆಯನ್ನು ಹೇಳುವವರಿಗೆ ಅದರ ಇನ್ನೊಂದು ದನಿಯೂ ಕೇಳಿಸುತ್ತದೆ. ಮಾರ್ಕನ ಕಥೆ ಮುಗಿಯುವುದು ಪ್ರಾರ್ಥನೆಯಲ್ಲಲ್ಲ: ತಾಯಿ ಮನೆಗೆ ಹೋಗುತ್ತಾಳೆ, ಮಗಳು ಹಾಸಿಗೆಯ ಮೇಲೆ ನೆಮ್ಮದಿಯಾಗಿ ಮಲಗಿರುತ್ತಾಳೆ.